ಓದುಗರ ಪ್ರಶ್ನೆ, ಊರ ವರದಿಗಾರನ ಉತ್ತರ

(ಈ ಸಲದ ಪ್ರಶ್ನೆಗಳಿಗೆ ಉತ್ತರಿಸಿದವರು ಕಾರ್ಕಳದಲ್ಲಿ 33 ವರ್ಷಗಳಿಂದ ದಿನಪತ್ರಿಕೆಯೊಂದರ ಅರೆಕಾಲಿಕ ವರದಿಗಾರರಾಗಿರುವವರು. ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಅವರದೊಂದು ಜೆರಾಕ್ಸ್ ಅಂಗಡಿಯೂ ಇದೆ. ತಮ್ಮ ಹೆಸರು ಹಾಕುವುದು ಬೇಡ ಎಂದಿದ್ದಾರೆ.)

ಪ್ರಶ್ನೆ: ನಿಮ್ಮ ಒಂದು ದಿನ ಹೇಗಿರುತ್ತದೆ? ನಮಗೆ ತರಗತಿಯಲ್ಲಿ ಹೇಳುವುದಕ್ಕೂ ಅದಕ್ಕೂ ಎಷ್ಟು ಅಂತರ?
– ಪತ್ರಿಕೋದ್ಯಮ ವಿದ್ಯಾರ್ಥಿನಿ, ಮೂಡುಬಿದಿರೆ

ಉತ್ತರ: ಈ ಮಳೆಗಾಲದ ಒಂದು ದಿನವನ್ನೇ ಹೇಳುತ್ತೇನಮ್ಮ. ಬೆಳಿಗ್ಗೆ ಐದೂಕಾಲಿಗೆ ನಲ್ಲೂರಿನಿಂದ ಫೋನ್. ‘ಇವತ್ತು ಶಾಲೆಗೆ ರಜೆ ಉಂಟೇ?’ ಆಮೇಲೆ ಏಳು ಗಂಟೆಯವರೆಗೆ ಇದೇ ಪ್ರಶ್ನೆಯ 19 ಕರೆಗಳು. ವಾಟ್ಸ್ಆಪ್ ಗುಂಪುಗಳಲ್ಲಿ ಜಿಲ್ಲಾಧಿಕಾರಿಯವರ ರಜೆ ಆದೇಶವೊಂದು ಆಗಲೇ ಓಡಾಡುತ್ತಿತ್ತು. ಲಾಂಛನ, ಸಹಿ, ಮೊಹರು ಎಲ್ಲ ಸರಿಯಾಗಿತ್ತು. ದೊಡ್ಡದು ಮಾಡಿ ನೋಡಿದರೆ ದಿನಾಂಕದ ಅಂಕಿಗಳು ಮಾತ್ರ ಉಳಿದ ಅಕ್ಷರಗಳಿಗಿಂತ ಒಂದು ಕೂದಲೆಳೆ ದಪ್ಪ. ಹಿಂದಿನ ವರ್ಷದ ಆದೇಶಕ್ಕೆ ಯಾರೋ ಹೊಸ ದಿನಾಂಕ ಅಂಟಿಸಿದ್ದರು. ತಹಶೀಲ್ದಾರರ ಕಚೇರಿಗೂ ಕ್ಷೇತ್ರ ಶಿಕ್ಷಣಾಧಿಕಾರಿಗೂ ಫೋನ್ ಮಾಡಿ, ರಜೆ ಇಲ್ಲವೆಂದು ಖಚಿತಪಡಿಸಿಕೊಂಡು ಗುಂಪುಗಳಿಗೆ ಬರೆದು ಹಾಕಿದೆ. ಇದಕ್ಕೆ ಗೌರವಧನವಿಲ್ಲ, ಪತ್ರಿಕೆಯಲ್ಲಿ ಜಾಗವೂ ಇಲ್ಲ. ಆದರೆ ಮಗುವಿನ ಕೈಗೆ ಕೊಡೆ ಕೊಡಬೇಕೋ ಬೇಡವೋ ಎಂದು ಜಗಲಿಯಲ್ಲಿ ನಿಂತ ತಾಯಿಗೆ ಆ ಹೊತ್ತಿಗೆ ಬೇಕಾದ ಸುದ್ದಿ ಅದೊಂದೇ.

ಏಳಕ್ಕೆ ಪೇಪರ್ ಓದು. ಮೊದಲು ನಮ್ಮದನ್ನು ಓದುವುದಿಲ್ಲ, ಉಳಿದವರದ್ದನ್ನು ಓದುತ್ತೇನೆ. ನನ್ನ ಕೈತಪ್ಪಿದ ಸುದ್ದಿ ಯಾವುದೆಂದು ಡೆಸ್ಕಿನವರು ಕೇಳುವ ಮೊದಲೇ ನನಗೆ ಗೊತ್ತಿರಬೇಕು. ಒಂಬತ್ತಕ್ಕೆ ಅಂಗಡಿ ತೆರೆದು ಹೆಂಡತಿಯನ್ನು ಕೂರಿಸಿ ಹೊರಡುತ್ತೇನೆ. ತಾಲ್ಲೂಕು ಕಚೇರಿ, ಪುರಸಭೆ, ಪೊಲೀಸ್ ಠಾಣೆ, ಸರ್ಕಾರಿ ಆಸ್ಪತ್ರೆ. ಆ ದಿನ ಹತ್ತೂವರೆಗೆ ಬಜಗೋಳಿ ಕಡೆಯ ಒಂದು ಮನೆಯ ಮೇಲೆ ಹಲಸಿನ ಮರ ಬಿದ್ದಿದೆ ಎಂದು ತಿಳಿಯಿತು. ಸ್ಕೂಟರಿನಲ್ಲಿ ಹೋದೆ. ಪಕ್ಕಾಸುಗಳು ಮುರಿದು ಛಾವಣಿ ಬಾಯಿ ತೆರೆದಿತ್ತು. ಒಲೆಯ ಮೇಲಿದ್ದ ಕುಚ್ಚಲಕ್ಕಿ ಗಂಜಿಯ ಪಾತ್ರೆಯೊಳಗೆ ಹಂಚಿನ ಚೂರುಗಳು ಬಿದ್ದಿದ್ದವು. ದೇವರ ದಯೆ, ಯಾರಿಗೂ ಪೆಟ್ಟಾಗಿರಲಿಲ್ಲ.

ಅಂತರ ಎಲ್ಲಿದೆ ಎಂದು ಕೇಳಿದಿರಲ್ಲ, ಇಲ್ಲಿದೆ ನೋಡಿ. ಅದೇ ಸುದ್ದಿಯನ್ನು ನಾನು ಮೂರು ಸಲ ಬರೆಯಬೇಕು. ನಿಂತಲ್ಲೇ ಎರಡು ಸಾಲು ಬರೆದು, ಮೊಬೈಲನ್ನು ಉದ್ದಕ್ಕೆ ಹಿಡಿದು ತೆಗೆದ ವಿಡಿಯೊ ಜೊತೆಗೆ ಕಳುಹಿಸಬೇಕು. ಅರ್ಧ ಗಂಟೆಯೊಳಗೆ ಜಾಲತಾಣಕ್ಕೆ ಹತ್ತು ಸಾಲು. ಸಂಜೆ ಪತ್ರಿಕೆಗೆ ಪೂರ್ತಿ ವರದಿ, ಅದಕ್ಕೆ ಮೊಬೈಲನ್ನು ಅಡ್ಡ ಹಿಡಿದು ತೆಗೆದ ಚಿತ್ರ. ಮನೆ ಕಳೆದುಕೊಂಡವರ ಎದುರು ಹೀಗೊಮ್ಮೆ ಹಾಗೊಮ್ಮೆ ಫೋನ್ ತಿರುಗಿಸುತ್ತ ನಿಲ್ಲುವುದು ನನಗೆ ಇವತ್ತಿಗೂ ಸಂಕಟದ ಕೆಲಸ. ಮೊದಲಿನ ಎರಡರಲ್ಲಿ ಮರ ಬಿತ್ತು ಎಂದಷ್ಟೇ ಇತ್ತು. ಅವೆರಡನ್ನೂ ಕಳುಹಿಸಿ ಮುಗಿಸಿ, ಫೋನನ್ನು ಕಿಸೆಗೆ ಹಾಕಿ ಅಂಗಳದ ಕಲ್ಲಿನ ಮೇಲೆ ಕುಳಿತ ಮೇಲೆ ಆ ಮನೆಯ ಯಜಮಾನಿ ತಮ್ಮ ನಿಜವಾದ ಚಿಂತೆ ಹೇಳಿದರು. ಮನೆಯ ದಾಖಲೆ ಇನ್ನೂ ತೀರಿಹೋದ ಮಾವನ ಹೆಸರಿನಲ್ಲಿದೆ, ಪರಿಹಾರದ ಅರ್ಜಿಯನ್ನು ಯಾರ ಹೆಸರಿನಲ್ಲಿ ಕೊಡುವುದು? ಸಂಜೆಯ ವರದಿ ಅಲ್ಲಿಂದ ಆರಂಭವಾಯಿತು. ಕುಳಿತುಕೊಳ್ಳಲು ಸಮಯವಿಲ್ಲದಿದ್ದರೆ ಅದು ಸಿಗುತ್ತಿರಲಿಲ್ಲ.

ಆಮೇಲಿನದ್ದು ಮಾಮೂಲು. ಎರಡು ಸಂಘಗಳ ಪದಗ್ರಹಣ, ಒಂದು ‘ಆಟಿಡೊಂಜಿ ದಿನ’ (ತುಳುವರ ಆಟಿ ತಿಂಗಳ ಆಚರಣೆ), ಒಂದು ವನಮಹೋತ್ಸವ, ಮೂರು ನಿಧನ ಸುದ್ದಿ. ರಾತ್ರಿ ಎಂಟೂವರೆಗೆ ನಮ್ಮ ತಾಲ್ಲೂಕಿನ ಪುಟ ಮುಗಿಯುತ್ತದೆ.

ಪ್ರಶ್ನೆ: ಮೊಬೈಲ್ ಇಲ್ಲದ ಕಾಲದಲ್ಲಿ ಕಾರ್ಕಳದ ಸುದ್ದಿ ಮರುದಿನವೇ ಪೇಪರಿನಲ್ಲಿ ಹೇಗೆ ಬರುತ್ತಿತ್ತು?
– ನಿವೃತ್ತ ಶಿಕ್ಷಕರು, ಶಿರ್ವ

ಉತ್ತರ: ಬಸ್ಸಿನಲ್ಲಿ ಹೋಗುತ್ತಿತ್ತು ಮಾಸ್ಟ್ರೇ. ಹಾಳೆಯ ಒಂದೇ ಬದಿಗೆ, ಸಾಲು ಬಿಟ್ಟು ಬರೆಯಬೇಕು. ಕವರಿನ ಮೇಲೆ ಕೆಂಪು ಶಾಯಿಯಲ್ಲಿ ‘ತುರ್ತು – ಪತ್ರಿಕಾ ಸುದ್ದಿ’. ಸಂಜೆ ಐದು ಹತ್ತರ ಎಕ್ಸ್‌ಪ್ರೆಸ್ ಬಸ್ಸಿನ ನಿರ್ವಾಹಕರ ಕೈಗೆ ಕೊಟ್ಟರೆ ಅವರು ಚಾಲಕರ ತಲೆಯ ಮೇಲಿನ ಸಂದಿಯಲ್ಲಿ ಸಿಕ್ಕಿಸುತ್ತಿದ್ದರು. ಮೂಡುಬಿದಿರೆ, ಗುರುಪುರ ದಾರಿಯಾಗಿ ಮಂಗಳೂರಿನ ಸ್ಟೇಟ್‌ಬ್ಯಾಂಕ್ ನಿಲ್ದಾಣ. ಅಲ್ಲಿ ಕಚೇರಿಯ ಹುಡುಗ ಕಾದು ನಿಂತಿರುತ್ತಿದ್ದ. ಚಿತ್ರವಿದ್ದರೆ ಸ್ಟುಡಿಯೊದವರನ್ನು ಕಾಡಿ ಬೇಡಿ ಒಂದು ರೀಲಿನಲ್ಲಿ ಎರಡೇ ಚಿತ್ರ ತೊಳೆಸಿ ಅದೇ ಕವರಿನಲ್ಲಿ ಹಾಕುವುದು.

ಒಮ್ಮೆ ಗುರುಪುರದಲ್ಲಿ ಆ ಬಸ್ ಕೆಟ್ಟು ನಿಂತಿತು. ನಿರ್ವಾಹಕರು ಪ್ರಯಾಣಿಕರನ್ನೆಲ್ಲ ಹಿಂದಿನ ಬಸ್ಸಿಗೆ ಹತ್ತಿಸಿ, ಕವರನ್ನು ಅಂಗಿಯೊಳಗೆ ಇಟ್ಟುಕೊಂಡು ಅದೇ ಬಸ್ಸಿನಲ್ಲಿ ನಿಂತು ಹೋಗಿ ಸ್ಟೇಟ್‌ಬ್ಯಾಂಕಿನಲ್ಲಿ ಹುಡುಗನ ಕೈಗೆ ಕೊಟ್ಟು, ಮತ್ತೆ ಗುರುಪುರಕ್ಕೆ ಮರಳಿದ್ದರು. ನನಗೆ ತಿಳಿದದ್ದು ವಾರದ ಮೇಲೆ. ಆ ಕವರಿನಲ್ಲಿ ಇದ್ದದ್ದು ಯಕ್ಷಗಾನ ಮೇಳವೊಂದರ ತಿರುಗಾಟ ಆರಂಭವಾದ ನಾಲ್ಕು ಸಾಲು ಮಾತ್ರ. ಒಳಗೆ ಏನಿದೆ ಎಂದು ಅವರು ಕೇಳಿದವರೇ ಅಲ್ಲ. ಪೇಪರಿನದ್ದು ಎಂದರೆ ಸಾಕಿತ್ತು. ಊರಿನವರಿಗೆ ಆಗ ಪೇಪರಿನ ಮೇಲಿದ್ದ ವಿಶ್ವಾಸ ಎಷ್ಟೆಂದು ಯಾರಾದರೂ ಕೇಳಿದರೆ ನನಗೆ ನೆನಪಾಗುವವರು ಅವರೇ.

ಬಳಿಕ ಫ್ಯಾಕ್ಸ್ ಬಂತು. ಅದರಲ್ಲಿ ಒತ್ತಕ್ಷರಗಳು ಕಪ್ಪು ಮುದ್ದೆಯಾಗಿ ಹೋಗುತ್ತಿದ್ದವು. ಆಮೇಲೆ ಕನ್ನಡ ಟೈಪ್ ಮಾಡುವ ‘ನುಡಿ’, ‘ಬರಹ’ ತಂತ್ರಾಂಶಗಳು, ಇ-ಮೇಲ್. ನಮ್ಮಲ್ಲಿ ಒಂದು ಅಕ್ಷರ ವಿನ್ಯಾಸ, ಕಚೇರಿಯಲ್ಲಿ ಇನ್ನೊಂದು. ತೆರೆದರೆ ಬರೀ ಚಿಹ್ನೆಗಳು. ಯುನಿಕೋಡ್ ಬಂದ ಮೇಲೆ ಆ ಕಾಟ ಬಹಳ ಮಟ್ಟಿಗೆ ತಪ್ಪಿತು. ಈಗ ಅಂಗಡಿಯ ಸ್ಟೂಲಿನ ಮೇಲೆ ಕುಳಿತು ಮೊಬೈಲಿನಲ್ಲೇ ಬರೆದು ಕಳುಹಿಸುತ್ತೇನೆ.

ಜುಲೈ 1ರ ಪತ್ರಿಕಾ ದಿನಾಚರಣೆಯಂದು ನಮಗೆ ಶಾಲು ಹೊದಿಸುವಾಗಲೆಲ್ಲ ನಾನು ಮಂಗಳೂರಿನ ಬಾಸೆಲ್ ಮಿಶನ್ ಎಂಬ ಕ್ರೈಸ್ತ ಸಂಸ್ಥೆಯ ಕಲ್ಲಚ್ಚಿನ ಮುದ್ರಣವನ್ನು ನೆನೆಯುತ್ತೇನೆ. 1843ರ ಆ ದಿನ ಹರ್ಮನ್ ಮೋಗ್ಲಿಂಗ್ ಅವರು ಹೊರತಂದ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ ಹದಿನೈದು ದಿನಕ್ಕೊಮ್ಮೆ ಬರುತ್ತಿತ್ತು. ಊರಿನ ವರ್ತಮಾನಕ್ಕೆ ಅದರಲ್ಲಿಯೂ ಜಾಗವಿತ್ತು. ನಮ್ಮ ಕಸುಬಿನ ಬೇರು ಅಲ್ಲಿದೆ.

ಪ್ರಶ್ನೆ: ಸುದ್ದಿ ಬರೆಯುವವರೇ ಜಾತ್ರೆಯ ಪುರವಣಿಗೆ ಜಾಹೀರಾತು ಕೇಳಿಕೊಂಡು ಬರುತ್ತಾರೆ. ಇದು ಸರಿಯೇ?
– ಬ್ಯಾಂಕ್ ಉದ್ಯೋಗಿ, ಸುರತ್ಕಲ್

ಉತ್ತರ: ಸರಿಯಲ್ಲ. ನಾನೂ ಕೇಳಿದ್ದೇನೆ, ಈಗಲೂ ಕೇಳುತ್ತೇನೆ.

ಓದುಗರು ಕೊಡುವ ಬೆಲೆಯಲ್ಲಿ ಪತ್ರಿಕೆ ಹೊರಡುವುದಿಲ್ಲ. ಕಾಗದ, ಶಾಯಿ, ಸಾಗಣೆ, ಏಜೆಂಟರ ಕಮಿಷನ್ ಕಳೆದರೆ ಜಾಹೀರಾತಿಲ್ಲದೆ ಬದುಕಿಲ್ಲ. ಆಮದು ಕಾಗದದ ದರ ಏರಿದರೆ ಅದರ ಬಿಸಿ ಕಾರ್ಕಳಕ್ಕೂ ತಾಗುತ್ತದೆ. 2019ರ ಕೇಂದ್ರ ಬಜೆಟ್‌ನಲ್ಲಿ ಮುದ್ರಣ ಕಾಗದದ ಆಮದಿಗೆ ಶೇ 10 ಸುಂಕ ಹಾಕಿದರು, ಮರುವರ್ಷ ಶೇ 5ಕ್ಕೆ ಇಳಿಸಿದರು. ಅಷ್ಟರಲ್ಲಿ ಕೊರೊನಾ ಬಂತು. ಪುಟಗಳು ಕಡಿಮೆಯಾದವು, ನಮ್ಮ ಗೌರವಧನ ಅರ್ಧಕ್ಕೆ ಇಳಿಯಿತು, ಜಾಹೀರಾತಿನ ಟಾರ್ಗೆಟ್ ಮಾತ್ರ ಏರಿತು.

ಇದರಿಂದ ಏನಾಗುತ್ತದೆ ಎಂದು ನನ್ನದೇ ಉದಾಹರಣೆ ಕೊಡುತ್ತೇನೆ. ದೇವಸ್ಥಾನದ ಬ್ರಹ್ಮಕಲಶೋತ್ಸವದ ಪುರವಣಿಗೆ ಕಾಲು ಪುಟ ಜಾಹೀರಾತು ಕೊಟ್ಟವರೊಬ್ಬರ ಕಲ್ಲಿನ ಕೋರೆ ಇತ್ತು. ಎರಡು ತಿಂಗಳ ಬಳಿಕ, ಸ್ಫೋಟದಿಂದ ಗೋಡೆಗಳು ಬಿರುಕು ಬಿಟ್ಟಿವೆ ಎಂದು ಆ ಊರಿನವರು ತಹಶೀಲ್ದಾರರಿಗೆ ಕೊಡುವ ಮನವಿಯ ಪ್ರತಿ ಮಾಡಿಸಲು ನನ್ನ ಅಂಗಡಿಗೇ ಬಂದರು. ಯಂತ್ರದ ಮೇಲೆ ಕಾಗದ ಇಡುವಾಗ ಕಣ್ಣಿಗೆ ಬಿದ್ದದ್ದನ್ನು ನಾನು ಸುದ್ದಿ ಮಾಡುವುದಿಲ್ಲ. ಆದರೆ ಅವರೇ ‘ಬರೆಯಿರಿ’ ಎಂದರು. ಹೋಗಿ ನೋಡಿದೆ, ಒಂದು ಮನೆಯ ಗೋಡೆಯ ಬಿರುಕಿನಲ್ಲಿ ನನ್ನ ಕಿರುಬೆರಳು ಹೋಗುತ್ತಿತ್ತು. ರಾತ್ರಿ ಕೋರೆಯವರ ಫೋನ್: ‘ಜಾಹೀರಾತು ಕೊಟ್ಟವರು ನಾವಲ್ಲವೇ?’ ನಾನು ಬರೆದೆ. ಆದರೆ ಮೂರು ದಿನ ತಡಮಾಡಿ ಬರೆದೆ. ಆ ಮೂರು ದಿನ ನನ್ನನ್ನು ಇನ್ನೂ ಚುಚ್ಚುತ್ತಿವೆ. ಸುದ್ದಿ ಬರೆಯುವವರನ್ನು ಜಾಹೀರಾತಿಗೆ ಕಳುಹಿಸಲೇಬಾರದು ಎಂದು ಸಭೆಗಳಲ್ಲಿ ಹೇಳುತ್ತಲೇ ಬಂದಿದ್ದೇನೆ, ಇಲ್ಲಿಯೂ ಹೇಳುತ್ತೇನೆ.

ಬೇರೆ ದಾರಿ ಹುಡುಕಿದವರು ನಮ್ಮ ಕರಾವಳಿಯಲ್ಲೇ ಇದ್ದರು. 1984ರಲ್ಲಿ ವಡ್ಡರ್ಸೆ ರಘುರಾಮ ಶೆಟ್ಟರು ಮಂಗಳೂರಿನಿಂದ ‘ಮುಂಗಾರು’ ಹೊರತಂದಾಗ ಜನರಿಂದಲೇ ಷೇರು ಹಣ ಕೂಡಿಸಿದ್ದರು. ಪತ್ರಿಕೆ ಹೆಚ್ಚು ಕಾಲ ಬಾಳಲಿಲ್ಲ. ಆದರೆ ಪೇಪರ್ ನಮ್ಮದು ಎಂದು ಓದುಗರು ಎದೆ ತಟ್ಟಿ ಹೇಳಿದ್ದನ್ನು ಕಾಲೇಜು ಹುಡುಗನಾಗಿ ನಾನು ಕಂಡಿದ್ದೇನೆ.

ಪ್ರಶ್ನೆ: ನಮ್ಮೂರಿನ ಕಾಲುಸಂಕದ ಬಗ್ಗೆ ಪೇಪರಿನಲ್ಲಿ ಮೂರು ಸಲ ಬಂತು. ಏನೂ ಆಗಲಿಲ್ಲ. ಬರೆದು ಏನು ಪ್ರಯೋಜನ?
– ಅಡಿಕೆ ಕೃಷಿಕರು, ಬೆಳ್ತಂಗಡಿ ತಾಲ್ಲೂಕು

ಉತ್ತರ: ನಿಮ್ಮ ಸಿಟ್ಟು ನ್ಯಾಯವಾದದ್ದು. ಅಡಿಕೆ ಮರದ ಎರಡು ಕಾಂಡ, ಹಿಡಿಯಲು ಒಂದು ಬಿದಿರು, ಕೆಳಗೆ ಕೆಂಪು ನೀರು. ಅದರ ಮೇಲೆ ಪಾಟಿಚೀಲ ಹೊತ್ತು ದಾಟುವ ಮಗುವನ್ನು ಒಮ್ಮೆ ನೋಡಿದವರಿಗೆ ನಿದ್ದೆ ಬರಬಾರದು. 2022ರ ಆಗಸ್ಟ್‌ನಲ್ಲಿ ಬೈಂದೂರು ತಾಲ್ಲೂಕಿನಲ್ಲಿ ಶಾಲೆಯಿಂದ ಮನೆಗೆ ಮರಳುತ್ತಿದ್ದ ಬಾಲಕಿಯೊಬ್ಬಳು ಕಾಲುಸಂಕದಿಂದ ಬಿದ್ದು ತೀರಿಕೊಂಡಳು. ಆಗ ಎಲ್ಲ ಪತ್ರಿಕೆಗಳೂ ಬರೆದವು. ಅಂಥ ದಿನಕ್ಕಿಂತ ಮುಂಚೆ ಬರೆದದ್ದು ನಾಟಬೇಕು, ಅದೇ ಕಷ್ಟ.

ನಮ್ಮ ಕಡೆಯ ಒಂದು ಕಾಲುಸಂಕದ ಬಗ್ಗೆ ನಾನು ಎಂಟು ವರ್ಷಗಳಲ್ಲಿ ಐದು ಸಲ ಬರೆದೆ. ಮೊದಲ ಮೂರು ವರದಿಗಳಲ್ಲಿ ‘ಗ್ರಾಮಸ್ಥರ ಪರದಾಟ’, ‘ಅಧಿಕಾರಿಗಳ ನಿರ್ಲಕ್ಷ್ಯ’ ಇತ್ಯಾದಿ ಸಿದ್ಧ ಮಾತುಗಳಿದ್ದವು. ಯಾರೂ ಕದಲಲಿಲ್ಲ. ನಾಲ್ಕನೆಯ ಸಲ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ ಕಡತದ ಪ್ರತಿ ತೆಗೆದುಕೊಂಡೆ. ಅಂದಾಜುಪಟ್ಟಿ ಆಗಲೇ ತಯಾರಾಗಿ, ಒಂದು ಸಹಿಗಾಗಿ 14 ತಿಂಗಳು ಕಾದಿತ್ತು. ಯಾವ ಮೇಜಿನಲ್ಲಿ, ಎಂದಿನಿಂದ ಎಂದು ಬರೆದೆ. ಜೊತೆಗೆ ಜೂನ್ ತಿಂಗಳ ಒಂದು ಬೆಳಿಗ್ಗೆ ಎರಡು ಗಂಟೆ ಕಾಲ ಅಲ್ಲೇ ನಿಂತು ಎಷ್ಟು ಮಕ್ಕಳು ದಾಟಿದರು, ಎಷ್ಟು ಮಂದಿ ತಾಯಂದಿರು ಮಗುವನ್ನು ಎತ್ತಿಕೊಂಡು ದಾಟಿಸಿ ಹಿಂದಿರುಗಿದರು ಎಂದು ಎಣಿಸಿದೆ. ಐದನೆಯ ವರದಿ ಸೇತುವೆಯ ಶಂಕುಸ್ಥಾಪನೆಯದ್ದು.

ನಿಮ್ಮಲ್ಲಿ ನನ್ನ ವಿನಂತಿ ಇಷ್ಟು. 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಹತ್ತು ರೂಪಾಯಿ ಶುಲ್ಕದ ಅರ್ಜಿ ಹಾಕಿ, ಕಡತ ಎಲ್ಲಿದೆ ಎಂದು ಕೇಳಿ. 30 ದಿನಗಳಲ್ಲಿ ಉತ್ತರ ಕೊಡಬೇಕೆಂದು ಕಾನೂನಿದೆ. ಆ ಉತ್ತರ ಹಿಡಿದು ನಿಮ್ಮ ತಾಲ್ಲೂಕಿನ ವರದಿಗಾರರ ಬಳಿಗೆ ಹೋಗಿ. ಅವರ ಕೈಗೆ ಬಲ ಬರುತ್ತದೆ.

ಪ್ರಶ್ನೆ: ಎಲ್ಲ ಸುದ್ದಿಯೂ ಮೊಬೈಲಿನಲ್ಲಿ ಕೂಡಲೇ ಸಿಗುವಾಗ ಮರುದಿನದ ಪೇಪರ್ ಯಾರಿಗೆ ಬೇಕು?
– ಸಾಫ್ಟ್‌ವೇರ್ ಉದ್ಯೋಗಿ, ಬೆಂಗಳೂರು (ಊರು ಬಜಗೋಳಿ)

ಉತ್ತರ: ನೀವು ಬಜಗೋಳಿಯವರು, ಆದ್ದರಿಂದ ಕಂಬಳದ ಮೂಲಕವೇ ಹೇಳುತ್ತೇನೆ. 2020ರ ಫೆಬ್ರುವರಿಯಲ್ಲಿ ಐಕಳ ಕಂಬಳದಲ್ಲಿ ಕೋಣ ಓಡಿಸುವ ಶ್ರೀನಿವಾಸ ಗೌಡರು 142.5 ಮೀಟರ್ ಕರೆಯನ್ನು (ಕೋಣ ಓಡುವ ಕೆಸರಿನ ಓಟದ ದಾರಿ) 13.62 ಸೆಕೆಂಡಿನಲ್ಲಿ ಮುಗಿಸಿದರು. ನಮ್ಮಲ್ಲಿ ಕಂಬಳದ ಫಲಿತಾಂಶವೆಂದರೆ ಕನೆಹಲಗೆ, ಅಡ್ಡಹಲಗೆ, ಹಗ್ಗ ಹಿರಿಯ, ನೇಗಿಲು ಕಿರಿಯ ಎಂಬ ಓಟದ ವಿಭಾಗಗಳಡಿ ಕೋಣಗಳ ಯಜಮಾನರ ಹೆಸರಿನೊಂದಿಗೆ ಬರುವ ಒಂದು ಕಾಲಂ. ಆ ಸಲ ಯಾರೋ ಅದನ್ನು ನೂರು ಮೀಟರಿಗೆ ಭಾಗಿಸಿ 9.55 ಸೆಕೆಂಡ್ ಎಂದರು, ಉಸೇನ್ ಬೋಲ್ಟರ 9.58ರ ಪಕ್ಕದಲ್ಲಿಟ್ಟರು, ಎರಡೇ ದಿನದಲ್ಲಿ ಜಗತ್ತೇ ಓದಿತು. ನಿಮ್ಮೂರಿನ ನಿಶಾಂತ್ ಶೆಟ್ಟಿ ವೇಣೂರಿನಲ್ಲಿ ಇನ್ನೂ ವೇಗವಾಗಿ ಓಡಿದ್ದು ಅದೇ ತಿಂಗಳು.

ನನಗೂ ರೋಮಾಂಚನವಾಗಿತ್ತು. ಆದರೆ ಮೊಬೈಲಿನಿಂದ ಮೊಬೈಲಿಗೆ ಓಡುವಾಗ ಆ ಸುದ್ದಿಯಿಂದ ಕೋಣಗಳೇ ಕಳೆದುಹೋದವು! ಓಡುವವನ ಕೈಯಲ್ಲಿ ಹಗ್ಗವಿದೆ, ಮುಂದೆ ಒಂದು ಜೊತೆ ಕೋಣಗಳ ಎಳೆತವಿದೆ, ಕಾಲಡಿಯಲ್ಲಿ ಕೆಸರಿದೆ. ಟ್ರ್ಯಾಕಿನ ಓಟದ ಜೊತೆ ಅದನ್ನು ತೂಗುವುದು ಇಬ್ಬರಿಗೂ ನ್ಯಾಯವಲ್ಲ. ಕರೆಯ ಬದಿಯಲ್ಲಿ ರಾತ್ರಿಯಿಡೀ ನಿಂತು ಗೊತ್ತಿರುವವರು ಅದನ್ನು ಬರೆಯಬೇಕಿತ್ತು, ಕೆಲವರು ಬರೆದರು. ಕಾಗದದಲ್ಲಿ ಬರಲಿ, ಮೊಬೈಲಿನಲ್ಲಿ ಬರಲಿ, ನನಗೆ ಹಟವಿಲ್ಲ. ಸ್ಥಳಕ್ಕೆ ಹೋಗಿ ನೋಡಿದವರು ಬರೆಯಲಿ ಎಂಬುದೊಂದೇ ನನ್ನ ಹಟ.

ಪ್ರಶ್ನೆ: ಕೃತಕ ಬುದ್ಧಿಮತ್ತೆ ಸುದ್ದಿ ಬರೆಯಲು ಆರಂಭಿಸಿದೆ. ನಿಮಗೆ ಭಯವಿದೆಯೇ?
– ಎಂಜಿನಿಯರಿಂಗ್ ವಿದ್ಯಾರ್ಥಿ, ಮಣಿಪಾಲ

ಉತ್ತರ: ಭಯವಿಲ್ಲ, ಎಚ್ಚರವಿದೆ. ನಾನೂ ಮೊಬೈಲಿಗೆ ಮಾತಾಡಿಯೇ ಅರ್ಧ ಸುದ್ದಿ ಬರೆಸುತ್ತೇನೆ, ಬೆರಳು ನೋವಿಗೆ ಅದು ವರವೇ. ಆದರೆ ನಮ್ಮಲ್ಲಿ ಹಳೆಯ ಕಾಲದ ಹೆಂಗಸರ ಹೆಸರಿನ ಕೊನೆಗೆ ‘ಶೆಡ್ತಿ’, ‘ಪೂಜಾರ್ತಿ’ ಎಂದಿರುತ್ತದೆ. ಯಂತ್ರ ಅದನ್ನು ‘ಶೆಟ್ಟಿ’, ‘ಪೂಜಾರಿ’ ಎಂದು ತಿದ್ದುತ್ತದೆ. ಬೇರೆ ಜಿಲ್ಲೆಯಿಂದ ಬಂದ ಹೊಸ ಉಪಸಂಪಾದಕರೂ ಹಾಗೆಯೇ ತಿದ್ದುತ್ತಾರೆ. 90 ವರ್ಷ ಒಂದು ಹೆಸರಿನಲ್ಲಿ ಬಾಳಿದವರನ್ನು ಕೊನೆಯ ದಿನ ಇನ್ನೊಂದು ಹೆಸರಿನಲ್ಲಿ ಕಳುಹಿಸಿಕೊಡಲು ನನಗೆ ಮನಸ್ಸಿಲ್ಲ. ಪ್ರತಿ ಸಲವೂ ಫೋನ್ ಮಾಡಿ ‘ಶೆಡ್ತಿ ಎಂದೇ ಇರಲಿ’ ಎನ್ನುತ್ತೇನೆ.

ಪ್ರಶ್ನೆ: ಪದವಿ ಮುಗಿಸಿದ್ದೇನೆ. ಊರಿನಲ್ಲೇ ಇದ್ದು ವರದಿಗಾರನಾಗುವ ಆಸೆ. ಬದುಕು ಸಾಗುತ್ತದೆಯೇ?
– ಯುವಕ, ಬೈಂದೂರು

ಉತ್ತರ: ಇದೊಂದರಿಂದಲೇ ಸಾಗುವುದಿಲ್ಲ. ನಿಮಗೆ ಸುಳ್ಳು ಹೇಳಲಾರೆ. 1992ರಲ್ಲಿ ನನಗೆ ತಿಂಗಳಿಗೆ 300 ರೂಪಾಯಿ ಕೊಡುತ್ತಿದ್ದರು. ಇಂದು ಸಿಗುವುದು ಪೆಟ್ರೋಲಿಗೂ ಮೊಬೈಲಿಗೂ ಸರಿಹೋಗುತ್ತದೆ. ಮಗಳ ಓದು, ಮನೆಯ ಅಕ್ಕಿ ನಡೆದದ್ದು ಜೆರಾಕ್ಸ್ ಯಂತ್ರದಿಂದ. ಕಾನೂನು ಕೂಡ ನಮ್ಮ ಕೈ ಹಿಡಿದದ್ದು ಕಡಿಮೆ. 1955ರ ಕಾರ್ಯನಿರತ ಪತ್ರಕರ್ತರ ಕಾಯ್ದೆ ಅರೆಕಾಲಿಕರನ್ನೂ ಒಳಗೊಂಡಿತ್ತು, ಆದರೆ ಪತ್ರಿಕಾ ವೃತ್ತಿಯೇ ಮುಖ್ಯ ಕಸುಬಾಗಿರಬೇಕು ಎಂಬ ಮಾತು ಅದರಲ್ಲಿತ್ತು. ಗೌರವಧನ ಸಾಲದೆ ಅಂಗಡಿ ಇಟ್ಟೆವು, ಅಂಗಡಿ ಇಟ್ಟದ್ದರಿಂದ ನಮ್ಮ ಮುಖ್ಯ ಕಸುಬು ಅಂಗಡಿ ಎಂದಾಯಿತು.

ಹಾಗಾಗಿ ಮೊದಲು ಮನೆ ನಡೆಯುವ ಒಂದು ದಾರಿ ನೋಡಿಕೊಳ್ಳಿ. ಆ ದಾರಿ ಗುತ್ತಿಗೆದಾರಿಕೆಯೋ ರಾಜಕೀಯವೋ ಆಗದಿರಲಿ, ನಾಳೆ ಅವರ ಬಗ್ಗೆಯೇ ಬರೆಯಬೇಕಾಗುತ್ತದೆ. ಪೊಲೀಸರು ಕೊಟ್ಟ ಹೇಳಿಕೆಯಲ್ಲಿ ಹೆಸರಿದೆ ಎಂದು ಎಲ್ಲವನ್ನೂ ಬರೆಯುವಂತಿಲ್ಲ, ಪೋಕ್ಸೊ (ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ) ಪ್ರಕರಣದಲ್ಲಿ ಮಗುವಿನ ಗುರುತು ಸಿಗುವ ಊರು, ಶಾಲೆ, ಸಂಬಂಧ ಯಾವುದೂ ಬರಬಾರದು. ಇದನ್ನು ಮೊದಲ ದಿನವೇ ಕಲಿಯಿರಿ. ಇಷ್ಟೆಲ್ಲ ಕೇಳಿದ ಮೇಲೂ ಆಸೆ ಉಳಿದಿದ್ದರೆ ಬನ್ನಿ. ನಮ್ಮ ತಾಲ್ಲೂಕಿನ ಪತ್ರಿಕಾಗೋಷ್ಠಿಗಳಲ್ಲಿ ನಲವತ್ತು ದಾಟದವರು ಈಗ ಇಬ್ಬರೇ ಇದ್ದಾರೆ.

ಪ್ರಶ್ನೆ: ನಿಮ್ಮಿಂದ ದೊಡ್ಡ ತಪ್ಪು ಆದದ್ದುಂಟೇ?
– ವಕೀಲೆ, ಉಡುಪಿ

ಉತ್ತರ: ಉಂಟು. 2001ರಲ್ಲಿ ನೇಕಾರರೊಬ್ಬರು ತೀರಿಕೊಂಡರು. ನೆರೆಯವರು ಅಂಗಡಿಗೆ ಬಂದು ವಿವರ ಕೊಟ್ಟರು. ‘ಮೃತರು ಪತ್ನಿ, ಇಬ್ಬರು ಪುತ್ರರು, ಓರ್ವ ಪುತ್ರಿಯನ್ನು ಅಗಲಿದ್ದಾರೆ’ ಎಂದು ಬರೆದು ಕಳುಹಿಸಿದೆ. ಮೂರನೆಯ ದಿನ ಮಧ್ಯಾಹ್ನ ಸುಮಾರು ಮೂವತ್ತು ವರ್ಷದ ಹೆಂಗಸೊಬ್ಬರು ಬಂದು, ಶಾಲೆಯ ವರ್ಗಾವಣೆ ಪತ್ರವೊಂದನ್ನು ಮೇಜಿನ ಮೇಲಿಟ್ಟು ಎರಡು ಪ್ರತಿ ಕೇಳಿದರು. ಮಡಿಕೆಯಲ್ಲಿ ಹರಿದ ಹಳೆಯ ಕಾಗದ. ಪ್ರತಿ ತೆಗೆದು ಕೊಟ್ಟೆ. ಎರಡು ರೂಪಾಯಿ ಎಣಿಸಿಟ್ಟು ‘ತಂದೆಯ ಹೆಸರು ಓದಿ’ ಎಂದರು. ಓದಿದೆ. ಅದೇ ನೇಕಾರರ ಹೆಸರು. ಆಮೇಲೆ ಪರ್ಸಿನಿಂದ ನನ್ನ ಸುದ್ದಿಯ ತುಣುಕು ತೆಗೆದು ಅದರ ಪಕ್ಕದಲ್ಲಿಟ್ಟರು. ‘ನಾನು ಅವರ ಮಗಳಲ್ಲವೇ?’

ಬೇರೆ ಜಾತಿಯವರನ್ನು ಮದುವೆಯಾಗಿದ್ದರೆಂದು ಮನೆಯವರು ಅವರನ್ನು ಲೆಕ್ಕದಿಂದ ಬಿಟ್ಟಿದ್ದರು. ನೆರೆಯವರು ಹೇಳಿಕಳುಹಿಸಿದ್ದನ್ನೇ ಹೇಳಿದ್ದರು. ನಾನು ಮನೆಗೊಂದು ಫೋನ್ ಮಾಡಿರಲಿಲ್ಲ. ಇಷ್ಟು ಚಿಕ್ಕದಕ್ಕೆ ತಿದ್ದುಪಡಿ ಏಕೆಂದು ಕಚೇರಿಯಲ್ಲಿ ಕೇಳಿದರು. ಎರಡು ದಿನ ಬೆನ್ನು ಹತ್ತಿದ ಮೇಲೆ ಪುಟದ ಕೆಳತುದಿಯಲ್ಲಿ ನಾಲ್ಕು ಸಾಲು ಬಂತು. ಆ ಬೆಳಿಗ್ಗೆ ಅವರ ಅಣ್ಣ ಫೋನಿನಲ್ಲಿ ಬಾಯಿಗೆ ಬಂದಂತೆ ಬೈದರು. ಬೈಸಿಕೊಂಡೆ. ಅಂದಿನಿಂದ ಮಕ್ಕಳು ಎಷ್ಟು ಎಂಬುದನ್ನು ಎರಡು ಸಲ, ಇಬ್ಬರ ಬಳಿ ಕೇಳುತ್ತೇನೆ.

ಪ್ರಶ್ನೆ: ಊರಿನಲ್ಲಿ ಹಿರಿಯರು ತೀರಿಕೊಂಡರೆ ದೂರದಲ್ಲಿರುವ ನಾವು ಪತ್ರಿಕೆಗೆ ಸುದ್ದಿ ಕೊಡುವುದು ಹೇಗೆ?
– ಗೃಹಿಣಿ, ಡೊಂಬಿವಲಿ

ಉತ್ತರ: ರಾತ್ರಿ ಎಂಟರೊಳಗೆ ನಿಮ್ಮ ತಾಲ್ಲೂಕಿನ ವರದಿಗಾರರಿಗೆ ತಿಳಿಸಿ. ಊರಿನವರು ಕರೆಯುತ್ತಿದ್ದ ಹೆಸರು, ಪ್ರಾಯ, ಗ್ರಾಮ ಮತ್ತು ಮನೆಯ ಹೆಸರು, ತೀರಿಕೊಂಡ ದಿನ, ಮಾಡುತ್ತಿದ್ದ ಕೆಲಸ. ಬೀಡಿ ಕಟ್ಟುತ್ತಿದ್ದರೆ ಬೀಡಿ ಕಟ್ಟುತ್ತಿದ್ದರು ಎಂದೇ ಹೇಳಿ, ಮುಚ್ಚಿಡುವಂಥದ್ದು ಏನಿಲ್ಲ. ಕಾಯಿಲೆಯ ವಿವರ ಬೇಡ. ಮಕ್ಕಳ ಲೆಕ್ಕದಲ್ಲಿ ಯಾರನ್ನೂ ಬಿಡಬೇಡಿ. ಬೇರೆ ಚಿತ್ರವಿಲ್ಲದೆ ಮದುವೆಯ ಗುಂಪಿನ ಚಿತ್ರವೇ ಇದ್ದರೆ ಇಡೀ ಚಿತ್ರವನ್ನು ಕಳುಹಿಸಿ, ಅವರನ್ನು ಬಿಡಿಸಿ ತೆಗೆಯುವ ಕೆಲಸ ನಮಗಿರಲಿ. ನಾನಂತೂ ನಿಧನ ಸುದ್ದಿಗೆ ಯಾರಿಂದಲೂ ಹಣ ತೆಗೆದುಕೊಂಡಿಲ್ಲ, ದರವಿರುವುದು ಶ್ರದ್ಧಾಂಜಲಿ ಜಾಹೀರಾತಿಗೆ. ಜೊತೆಗೆ, ಊರಿನ ಮನೆಯಲ್ಲಿರುವ ಒಬ್ಬರ ಫೋನ್ ನಂಬರ್ ಕೊಡಿ. ನನಗೆ ಬಂದದ್ದಾದರೆ ನಾನು ಅವರಿಗೆ ಕರೆ ಮಾಡಿ, ಬರೆದದ್ದನ್ನು ಪೂರ್ತಿ ಓದಿ ಹೇಳಿದ ಮೇಲೆಯೇ ಕಳುಹಿಸುತ್ತೇನೆ.